ಮಾತಾಡುವ ಮೆಂಬರ್

ತಿಪ್ಪೇಶಪ್ಪ ಚನ್ನಗಿರಿಯಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರು. ಹೊಸ ಮಂಡಲ ಪಂಚಾಯಿತಿಗಳು ಬಂದು ಎರಡು ವರ್ಷವಾಗಿತ್ತು. ಮೀಸಲು ಸೀಟಿನಲ್ಲಿ ಗೆದ್ದ ಹೆಂಗಸರು ಸಭೆಯಲ್ಲಿ ಬಾಯಿ ಬಿಡುತ್ತಾರೋ ಇಲ್ಲವೋ ಎಂಬುದರ ಮೇಲೆ ಅವನ ಪಿಎಚ್‌ಡಿ. ಹೊನ್ನಾಳಿ, ಜಗಳೂರು ಎಲ್ಲ ಸುತ್ತಿದರೂ ಮೆಂಬರಮ್ಮಂದಿರು ಬಾಯಿಗೆ ಸೆರಗಿಟ್ಟುಕೊಂಡು ಒಳಗೆ ಓಡಿದ್ದೇ ಬಂತು. ಮಹಾಪ್ರಬಂಧಕ್ಕೆ ಹೀಗೆ ಮಹಾ ಪ್ರತಿಬಂಧ ಬಂದಾಗ ಕೈ ಹಿಡಿದವನು ಸಂಕದಹಳ್ಳಿ ಮಂಡಲದ ಪ್ರಧಾನ ಓಂಕಾರಪ್ಪ, ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಗೆಳೆಯ.

"ನಮ್ಮ ಮೆಂಬರ್ ಉಡಚಮ್ಮ ಚೆನ್ನಾಗಿ ಮಾತಾಡ್ತಾಳೆ ಬಾರಲೇ," ಎಂದಿದ್ದ. "ಆದ್ರೆ ಗಂಡಸು ನೀನು ಅವಳ ಮನೇಲಿ ಹೋಗಿ ಕುಂತ್ರೆ ಚೆಂದ ಅಲ್ಲ. ನಮ್ಮ ಮನೆಗೇ ಕರೆಸ್ತೀನಿ."

ಉಡಚಮ್ಮ ಹಲವು ಸಲ ಬಂದಳು, ಮಾತಾಡಿದಳು. ಬೋರ್‌ವೆಲ್‌ಗಾಗಿ ಜಗಳವಾಡಿದ್ದು, ಸಭೆಯಲ್ಲಿ ಗಂಡಸರ ಬಾಯಿ ಮುಚ್ಚಿಸಿದ್ದು ಎಲ್ಲ ಹೇಳಿದಳು. ಪ್ರಬಂಧದ ಬೆನ್ನೆಲುಬೇ ಅವಳಾದಳು. ಅದು ಚನ್ನಗಿರಿಯ ಬುಡನ್‌ಸಾಬರ ಅಂಗಡಿಯಲ್ಲಿ ಟೈಪಾಗುತ್ತಿದ್ದಾಗ ಮೈಸೂರಿನ ಗೈಡು ಅವಳದೊಂದು ಫೋಟೋ ಕೇಳಿದರು. ಓಂಕಾರಪ್ಪ ದಾವಣಗೆರೆಗೆ ಹೋಗಿದ್ದ. ತಿಪ್ಪೇಶಪ್ಪ ಕ್ಯಾಮೆರಾ ಹಿಡಿದು ತಾನೇ ಅವಳ ಮನೆ ಹುಡುಕಿಕೊಂಡು ಹೋದ.

ಅಂಗಳದಲ್ಲಿ ಮುದುಕಿಯೊಬ್ಬಳು ಶೇಂಗಾ ಬಿಡಿಸುತ್ತಿದ್ದಳು.

"ಮೆಂಬರ್ ಉಡಚಮ್ಮ ಇದಾರೇನ್ರೀ?"

"ನಾನೇ ಸ್ವಾಮಿ."

"ಅಲ್ಲ, ಸಭೇಲಿ ಮಾತಾಡ್ತಾರಲ್ಲ, ಅವ್ರು."

"ಸಭೆಗೆ ನಾನ್ಯಾಕೆ ಹೋಗ್ಲಿ? ಜವಾನ ಇಲ್ಲಿಗೇ ಬಂದು ಹೆಬ್ಬೆಟ್ಟು ಒತ್ತಿಸ್ಕೊಂಡು ಹೋಗ್ತಾನೆ. ಅಲ್ಲಿಗೆ ನನ್ ಸಭೆ ಮುಗೀತು."

ಸಂಜೆ ಓಂಕಾರಪ್ಪ ಬಸ್ಸಿಳಿದು ಬರುವವರೆಗೂ ತಿಪ್ಪೇಶಪ್ಪ ಅವನ ಜಗುಲಿಯ ಮೇಲೆ ಕಾದ.

"ಇಷ್ಟು ದಿನ ನನ್ ಮುಂದೆ ಕುಂತೋಳು ಯಾರಲೇ?"

ಓಂಕಾರಪ್ಪ ಒಂದಿಷ್ಟೂ ಬೆಚ್ಚಲಿಲ್ಲ. "ನಮ್ಮ ಅತ್ತಿಗೆ, ಲಕ್ಷ್ಮಕ್ಕ. ಮೊದ್ಲು ನೀನು ಬಂದಾಗೆಲ್ಲ ಒಳಗೇ ಇರ್ತಿದ್ಲು, ನಿನಗೆ ಗುರ್ತಿರ್ಲಿಲ್ಲ. ನ್ಯಾಮತಿಯೋಳು, ಎಸ್ಸೆಸ್ಸೆಲ್ಸಿ ಪಾಸು. ಮಾತಾಡೋ ಹೆಣ್ಮಗಳು ಬೇಕು ಅಂತ ಅಳ್ತಿದ್ದೆ, ಕೊಟ್ಟೆ."

"ಅವಳು ಹೇಳಿದ್ದೆಲ್ಲ?"

"ನಾನು ಹೇಳಿಕೊಟ್ಟಿದ್ದು. ನಮ್ಮ ಮಂಡಲದ ಹೆಸ್ರು ಪುಸ್ತಕದಾಗೆ ಬಂದ್ರೆ ನನಗೆ ಜಿಲ್ಲಾ ಪರಿಷತ್ ಟಿಕೆಟ್ ಕೇಳಾಕೆ ಮುಖ ಇರತೈತೆ. ನೀನೂ ಡಾಕ್ಟರ್ ಆಗ್ತೀಯ. ಲುಕ್ಸಾನು ಯಾರಿಗೆ?"

ಸಂದರ್ಶನವೆಂದು ಬರೆದುಕೊಂಡದ್ದೆಲ್ಲ ಓಂಕಾರಪ್ಪನ ಪ್ರದರ್ಶನ. ಬೇರೆ ಯಾರಾದರೂ ಆಗಿದ್ದರೆ ಬೈದು ಹಗುರಾಗಬಹುದಿತ್ತು. ಇವನೋ, ತನಗೆ ಟೈಫಾಯ್ಡ್ ಬಂದಾಗ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ತುಳಿದವನು.

"ಫೋಟೋ ತಾನೆ? ಲಕ್ಷ್ಮಕ್ಕನ್ನೇ ಕೂರಿಸಿ ಹೊಡ್ಕ. ಮೈಸೂರ್ನೋರಿಗೆ ಏನು ಗೊತ್ತಾಗತೈತೆ?"

"ನನಗೆ ಗೊತ್ತಾತಲ್ಲೋ."

"ನೀನು ಹೇಳಿದ್ರೆ ತಾನೆ. ಏಳು, ರೊಟ್ಟಿ ತಣ್ಣಗಾಗ್ತವೆ, ಉಣ್ಣಾಕೆ ಬಾ."

ಒಳಗೆ ಲಕ್ಷ್ಮಕ್ಕ ತಟ್ಟೆ ಹಾಕುತ್ತಿದ್ದಳು, ಇವನ ಕಡೆ ನೋಡದೆ. ತಿಪ್ಪೇಶಪ್ಪ ಜಗುಲಿಯಿಂದಿಳಿದು ಚಪ್ಪಲಿ ಮೆಟ್ಟಿದ. ಆ ಮನೆಯಿಂದ ಉಣ್ಣದೆ ಹೊರಟದ್ದು ಅದೇ ಮೊದಲು. ಚನ್ನಗಿರಿಯ ಬಸ್ಸು ಸಿಕ್ಕರೆ, ಬುಡನ್‌ಸಾಬರು ಅಂಗಡಿ ಮುಚ್ಚುವುದರೊಳಗೆ ಹೋಗಿ ಟೈಪಿಂಗ್ ನಿಲ್ಲಿಸಿ ಎನ್ನಬಹುದಿತ್ತು.