ಪೊರೆ ದಾಟಿದ ನೀರು

ಅತ್ತೆ ಒಂದು ಗುಟುಕು ನೀರು ಬಾಯಿಗೆ ಹಾಕಿಕೊಂಡವಳು ನುಂಗಲಿಲ್ಲ. ಕೆನ್ನೆ ಉಬ್ಬಿಸಿಕೊಂಡು ಹಾಗೇ ಕೂತಳು. ಒಲೆಯ ಮುಂದಿದ್ದ ಸೊಸೆಯ ಬೆನ್ನಿಗೆ ಅವಳ ನೋಟ ತಾಗುತ್ತಿತ್ತು. ಆಮೇಲೆ ಮುದುಕಿ ಗೋಡೆ ಹಿಡಿದು ಎದ್ದು, ಹಿತ್ತಲ ಬಾಗಿಲವರೆಗೂ ಹೋಗಿ, ಬಾಯಲ್ಲಿದ್ದುದನ್ನು ಉಗಿದು ಬಂದಳು.

“ಇದು ನಮ್ಮ ಬಾವಿ ನೀರಲ್ಲ.”

“ಮತ್ಯಾವುದು? ಬೆಳಿಗ್ಗೆ ನಾನೇ ಸೇದಿ ತುಂಬಿಸಿದ್ದು,” ಅಂದಳು ಸೊಸೆ, ತಿರುಗದೆ.

“ವಯಸ್ಸಾಗಿರೋದು ನಂಗೆ, ನನ್ನ ನಾಲಿಗೆಗಲ್ಲ ಕಣೇ. ಬಾವಿ ನೀರಿಗೆ ಉಪ್ಪಿದೆ, ಮಣ್ಣಿದೆ, ಅದರದ್ದೇ ಒಂದು ವಾಸನೆ ಇದೆ. ಇದಕ್ಕೆ ಏನೂ ಇಲ್ಲ. ಯಾರೋ ತೊಳೆದಿಟ್ಟ ಹಾಗಿದೆ.”

ಸೊಸೆ ಒಲೆಯ ಉರಿ ತಗ್ಗಿಸಿದಳು. ಮೊದಮೊದಲು ಮಡಕೆಯ ಬಾವಿ ನೀರಿಗೆ ಒಂದು ಚೊಂಬು ಬೆರೆಸಿದ್ದಳು. ಗೊತ್ತಾಗಲಿಲ್ಲ ಎಂದು ಅರ್ಧಕ್ಕೆ ಏರಿಸಿದಳು. ಇವತ್ತು ಧೈರ್ಯ ಮಾಡಿ ಪೂರ್ತಿ ನಲ್ಲಿಯ ನೀರನ್ನೇ ಸುರಿದಿದ್ದಳು. ಇನ್ನೊಂದಿಷ್ಟು ದಿನ ತಾಳಬೇಕಿತ್ತು.

ಆ ನೀರು ಸಮುದ್ರದ್ದು. ಊರಿನ ಬಾವಿಗಳಿಗೆಲ್ಲ ನೆಲದಡಿಯಿಂದ ಉಪ್ಪು ನುಗ್ಗಿ, ಸೋಪು ನೊರೆ ಬರುವುದೂ ನಿಂತ ಮೇಲೆ, ದಂಡೆಯ ಕೊನೆಯಲ್ಲಿ ಒಂದು ಸ್ಥಾವರ ಎದ್ದಿತು. ಸಮುದ್ರದ ನೀರನ್ನು ಎಳೆದು, ಉಪ್ಪು ಬಿಡಿಸಿ, ಬೀದಿಬೀದಿಯ ನಲ್ಲಿಗೆ ಕಳಿಸತೊಡಗಿತು. ಎಲ್ಲರೂ ಕುಡಿದರು. ಕುಡಿಯದೆ ಉಳಿದವಳು ಅತ್ತೆ ಒಬ್ಬಳೇ. “ನನ್ನ ಮಗನನ್ನ ನುಂಗಿದ್ದು ನನ್ನ ಗಂಟಲಲ್ಲಿ ಇಳಿಯಲ್ಲ,” ಎಂದು ಒಮ್ಮೆ ಹೇಳಿದ್ದಳು. ಎರಡನೇ ಸಲ ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ಮೀನಿಗೆ ಹೋದ ಮಗನ ದೋಣಿ ಮಗುಚಿಕೊಂಡು ದಡಕ್ಕೆ ಬಂದಿತ್ತು. ಮಗ ಬಂದಿರಲಿಲ್ಲ, ಯಾವ ರೂಪದಲ್ಲೂ.

ಅಂಥದ್ದರಲ್ಲಿ ಸೊಸೆ ಹೋಗಿ ಅದೇ ಸ್ಥಾವರದಲ್ಲಿ ಕೆಲಸಕ್ಕೆ ಸೇರಿದಳು. ಆ ಸುದ್ದಿ ಹೇಳಿದ ದಿನ ಅತ್ತೆ ಜಗಳವಾಡಲಿಲ್ಲ, ಅಳಲೂ ಇಲ್ಲ. ಎಂದಿನಂತೆ ಊಟಕ್ಕೆ ಬಡಿಸಿದಳು. ಆದರೆ ಅಂದಿನಿಂದ ಅವಳೊಡನೆ ಆಡುವ ಮಾತು, ಬಾಡಿಗೆಗೆ ಬಂದವರ ಹತ್ತಿರ ಆಡುವಷ್ಟೇ ಆಯಿತು. ಬಾಗಿಲು ಹಾಕಿದೆಯಾ. ದೀಪ ಆರಿಸಿದೆಯಾ. ಅಷ್ಟೇ.

ಈಗ ಮುದುಕಿಯ ಕಾಲು ಬಾತುಕೊಂಡು, ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತಿತ್ತು. ಡಾಕ್ಟರು ಸೊಸೆಯನ್ನು ಹೊರಗೆ ಕರೆದು ಹೇಳಿದ್ದರು: “ಬಾವಿ ನೀರು ಬಿಡಿಸಮ್ಮ. ಕಿಡ್ನಿ ಆಗಲೇ ಸೋತಿದೆ. ಹೀಗೇ ಬಿಟ್ರೆ ನನ್ನ ಕೈಲೂ ಏನೂ ಉಳಿಯಲ್ಲ.” ಒಳಗೆ ಅತ್ತೆಯದು ಒಂದೇ ಹಟ. “ಡಾಕ್ಟರಮ್ಮ, ನಿಮ್ಮ ಮಾತ್ರೆ ಎಷ್ಟಾದ್ರೂ ಕೊಡಿ, ನುಂಗ್ತೀನಿ. ಆದ್ರೆ ನಮ್ಮ ಬಾವಿ ನೀರಲ್ಲೇ ನುಂಗೋದು.” ಅಂಗಡಿಯ ಬಾಟಲಿ ನೀರನ್ನೂ ಅವಳು ಮುಟ್ಟುತ್ತಿರಲಿಲ್ಲ; ಅದನ್ನು ತುಂಬುವುದೂ ಸ್ಥಾವರದಿಂದಲೇ ಎಂಬುದು ಅವಳಿಗೆ ಗೊತ್ತಿತ್ತು.

ಉಗಿದು ಬಂದ ಮೇಲೆ ಅತ್ತೆ ಮಡಕೆಯನ್ನು ಮುಟ್ಟಲಿಲ್ಲ. ಸಂಜೆಯಾಗುತ್ತಾ ಹಿತ್ತಲಲ್ಲಿ ರಾಟೆಯ ಸದ್ದು ಕೇಳಿ ಸೊಸೆ ಓಡಿದಳು. ಮುದುಕಿ ಬಾವಿಕಟ್ಟೆಗೆ ಹೊಟ್ಟೆ ಆನಿಸಿ ಹಗ್ಗ ಎಳೆಯುತ್ತಿದ್ದಳು. ಕೊಡ ಅರ್ಧ ಬಂದು ಕೈ ಜಾರಿತು. ಹಗ್ಗ ಸರ್‍ರನೆ ಹಿಂದೆ ಹೋಗಿ, ಕೆಳಗೆಲ್ಲೋ ಕೊಡ ದಢಾರೆಂದು ಬಿತ್ತು. ಅವಳು ಕಟ್ಟೆಗೆ ಒರಗಿ ಕುಸಿದು ಕೂತು, ಉರಿಯುವ ಅಂಗೈಗಳನ್ನು ನೋಡಿಕೊಂಡಳು.

ಸೊಸೆ ಪಕ್ಕದಲ್ಲಿ ಕೂತಳು. “ತಪ್ಪಾಯ್ತು ಅತ್ತೆ. ಇನ್ನು ಬೆರೆಸಲ್ಲ.”

ಮುದುಕಿ ಅಂಗೈಗಳನ್ನು ಊದಿಕೊಂಡಳು.

“ನಾಳೆ ಒಂದ್ಸಲ ನನ್ನ ಜೊತೆ ಬನ್ನಿ. ನಾನು ಏನು ಕೆಲಸ ಮಾಡ್ತೀನಿ ನೋಡಿ. ಆಮೇಲೂ ಬಾವಿ ನೀರೇ ಅಂದ್ರೆ, ನಾನೇ ಸೇದಿ ಕೊಡ್ತೀನಿ. ಮೋಸ ಮಾಡಲ್ಲ.”

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ರಿಕ್ಷಾ ಕರಿ. ಅಷ್ಟು ದೂರ ನನ್ನ ಕೈಲಿ ನಡೆಯಕ್ಕಾಗಲ್ಲ,” ಅಂದಳು.

ಸ್ಥಾವರದ ಮೇಲ್ವಿಚಾರಕನನ್ನು ಅಲ್ಲಿ ಎಲ್ಲರೂ ಗುಡುಗು ಎನ್ನುತ್ತಿದ್ದರು. ಪಂಪುಗಳ ಗದ್ದಲದಲ್ಲಿ ಕೂಗಿ ಕೂಗಿ ಮನೆಯಲ್ಲೂ ಮೆಲ್ಲಗೆ ಮಾತಾಡಲು ಬಾರದವನಾಗಿದ್ದ. ಮಾರನೇ ದಿನ ಮುದುಕಿಯನ್ನು ಕಂಡು ಎದ್ದು ನಿಂತು, “ಬನ್ನಿ ತಾಯಿ. ಕಿವಿಗೆ ಹತ್ತಿ ಇಟ್ಕೊಳ್ಳಿ. ಪಂಪಿಗಲ್ಲ, ನನಗೆ!” ಎಂದ. ಅತ್ತೆ ನಗಲಿಲ್ಲ. ಆದರೆ ಹತ್ತಿಯನ್ನು ಇಸಿದುಕೊಂಡಳು.

ಮೊದಲು ಸಮುದ್ರದ ನೀರು ಬಂದು ಬೀಳುವ ಗುಂಡಿ. ಕಬ್ಬಿಣದ ಜಾಲರಿಗೆ ಪಾಚಿ, ಕಪ್ಪೆಚಿಪ್ಪು, ಅಂಬಲಿಯಂಥ ಲೋಳೆಮೀನು, ಒಂದು ಹರಿದ ಚಪ್ಪಲಿ ಸಿಕ್ಕಿಕೊಂಡಿದ್ದವು. ಅತ್ತೆ ಕಂಬಿ ಹಿಡಿದು ಬಗ್ಗಿ ಒಂದೊಂದನ್ನೂ ನೋಡಿದಳು. ಚಪ್ಪಲಿಯನ್ನು ಮತ್ತೆ ಮತ್ತೆ ನೋಡಿದಳು. ಅದು ಯಾವುದೋ ಮಗುವಿನದು. ಸೊಸೆ ಅವಸರ ಮಾಡಲಿಲ್ಲ. ಮರಳು ತುಂಬಿದ ತೊಟ್ಟಿಗಳನ್ನು ತೋರಿಸಿದಳು. ಕಸ, ಕೆಸರು ಇಲ್ಲಿ ನಿಲ್ಲುತ್ತದೆ ಎಂದಳು. ಅತ್ತೆ ಹೂಂ ಎನ್ನುತ್ತಾ ಬಂದಳು.

ಆಮೇಲೆ ದೊಡ್ಡ ಹಾಲ್. ಬಿಳಿ ಕೊಳವೆಗಳನ್ನು ಒಂದರ ಮೇಲೊಂದು ಸೂರಿನವರೆಗೂ ಪೇರಿಸಿದ್ದರು. ಪಂಪುಗಳ ಮೊರೆತ ಕಿವಿಗಿಂತ ಮೊದಲು ಎದೆಗೆ ಬಡಿಯುತ್ತಿತ್ತು. ಸೊಸೆ ಅತ್ತೆಯ ಹೆಗಲು ಬಳಸಿ, ಕಿವಿಯ ಹತ್ತಿರ ಬಾಯಿ ತಂದು ಕೂಗಿ ಹೇಳಬೇಕಾಯಿತು. ಅಷ್ಟು ಹತ್ತಿರ ಅವರಿಬ್ಬರೂ ಬಂದು ವರ್ಷಗಳಾಗಿದ್ದವು. ಮುದುಕಿಯ ತಲೆಯಿಂದ ಕೊಬ್ಬರಿ ಎಣ್ಣೆಯ ವಾಸನೆ ಬಂತು.

“ಈ ಕೊಳವೆಗಳ ಒಳಗೆ ಪೊರೆ ಇದೆ. ಈರುಳ್ಳಿ ಸಿಪ್ಪೆ ಸುತ್ತಿದ ಹಾಗೆ, ಸುತ್ತಿನ ಮೇಲೆ ಸುತ್ತು. ಪಂಪು ನೀರನ್ನ ಜೋರಾಗಿ ತಳ್ಳತ್ತೆ. ನೀರು ದಾಟತ್ತೆ, ಉಪ್ಪು ಈಚೆಗೇ ಉಳಿಯತ್ತೆ.”

ಅತ್ತೆ ಒಂದು ಕೊಳವೆಯ ಮೇಲೆ ಅಂಗೈ ಇಟ್ಟಳು. ಅದು ತಣ್ಣಗಿತ್ತು, ನಡುಗುತ್ತಿತ್ತು. ತಿರುಗಿ ಏನೋ ಕೇಳಿದಳು. ಸೊಸೆಗೆ ಕೇಳಿಸಲಿಲ್ಲ. ಮುದುಕಿ ಇನ್ನೊಮ್ಮೆ ಕೇಳಿದಳು, ಆಗಲೂ ಕೇಳಿಸಲಿಲ್ಲ. ಪಿಸುಮಾತಿನಲ್ಲಿ ಕೇಳಬೇಕಾದದ್ದನ್ನು ಅವಳು ಕೊರಳ ನರ ಬಿಗಿದು ಕಿರುಚಬೇಕಾಯಿತು.

“ಮನುಷ್ಯರದ್ದು ಏನಾದ್ರೂ ಬರತ್ತಾ ಇದ್ರಲ್ಲಿ?”

ಬಾಗಿಲ ಬಳಿ ನಿಂತಿದ್ದ ಗುಡುಗು ತಲೆ ತಗ್ಗಿಸಿ ಆಚೆ ಹೋದ.

ಸೊಸೆ ಅತ್ತೆಯ ಕೈ ಹಿಡಿದು ಹೊರಗೆ, ಗೋಡೆಯ ನೆರಳಿನ ಬೆಂಚಿಗೆ ಕರೆದುಕೊಂಡು ಬಂದು ಕೂರಿಸಿದಳು. ಪಕ್ಕದಲ್ಲಿ, ನೀರನ್ನು ಊರಿಗೆ ಬಿಡುವ ಮುಂಚೆ ಪರೀಕ್ಷೆ ಮಾಡುವ ನಲ್ಲಿ ಇತ್ತು.

“ಕೆಲಸಕ್ಕೆ ಸೇರಿದ ದಿನ ನಾನೂ ಕುಡೀಲಿಲ್ಲ ಅತ್ತೆ,” ಅಂದಳು. “ಮಾರನೇ ದಿನಾನೂ ಇಲ್ಲ. ಬಾಯಾರಿ ಬಾಯಾರಿ ತಲೆ ಸುತ್ತು ಬಂತು. ಆಮೇಲೆ ಒಂದು ದಿನ ಈ ನಲ್ಲಿಯಿಂದಲೇ ಹಿಡಿದು ಕಣ್ಣು ಮುಚ್ಚಿ ಕುಡಿದೆ. ಅವರು ಇದರಲ್ಲಿ ಬಂದ್ರೆ ಬರ್ಲಿ, ಹಾಗಾದ್ರೂ ಬರ್ಲಿ ಅಂತ.”

ಅತ್ತೆ ತಲೆ ಎತ್ತಿದಳು.

“ಎಷ್ಟೋ ದಿನ ಹಾಗೇ ಕುಡಿದೆ. ಬೇಕು ಬೇಕು ಅಂತಲೇ ಕುಡಿದೆ. ಅದಕ್ಕೇ ಇಲ್ಲಿ ಕೆಲಸಕ್ಕೆ ಬಂದೆನೇನೋ, ನಂಗೂ ಸರಿಯಾಗಿ ಗೊತ್ತಿಲ್ಲ. ಕೆಲಸ ಕಲಿತಾ ಕಲಿತಾ ತಿಳೀತು. ಏನೂ ಬರಲ್ಲ. ಬರೀ ನೀರು ಅತ್ತೆ. ಅವರು ಬರಲ್ಲ.” ಅವಳು ನಲ್ಲಿಯ ತುದಿಯನ್ನು ಬೆರಳಲ್ಲಿ ಒರೆಸಿದಳು. “ಅದು ಗೊತ್ತಾದ ದಿನ ಆ ಪಂಪುಗಳ ಮಧ್ಯೆ ನಿಂತು ಅತ್ತುಬಿಟ್ಟೆ. ಯಾರಿಗೂ ಕೇಳಿಸಲಿಲ್ಲ.”

“ನಂಗೆ ಯಾಕೆ ಹೇಳಲಿಲ್ಲ?”

“ನೀವು ಕೇಳಲಿಲ್ಲ.”

ಮುದುಕಿ ಎದುರಿನ ತಂತಿ ಬೇಲಿಯನ್ನು, ಅದರಾಚೆ ಹೊಳೆಯುತ್ತಿದ್ದ ಸಮುದ್ರವನ್ನು ನೋಡುತ್ತಾ ಕೂತಳು. “ನೀನು ಅವನನ್ನ ಮರೆತೆ ಅಂದುಕೊಂಡಿದ್ದೆ ನಾನು,” ಅಂದಳು. ಆಮೇಲೆ, “ಹಾಗಾದ್ರೆ ಆ ಉಪ್ಪು? ಉಳಿದದ್ದೆಲ್ಲ?”

“ವಾಪಸ್ ಸಮುದ್ರಕ್ಕೇ ಹೋಗತ್ತೆ. ದೂರಕ್ಕೆ ಒಂದು ಕೊಳವೆ ಇದೆ.”

“ಏನೂ ಇಟ್ಕೊಳಲ್ವಾ ಇಲ್ಲಿ?”

“ಏನೂ ಇಟ್ಕೊಳಲ್ಲ.”

ಮುದುಕಿ ಕಿವಿಯ ಹತ್ತಿಯನ್ನು ಒಂದೊಂದಾಗಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಕಣ್ಣಿಂದ ನೀರು ಇಳಿದು ಗದ್ದದ ಸುಕ್ಕಿನಲ್ಲಿ ನಿಂತಿತು, ಅವಳು ಒರೆಸಿಕೊಳ್ಳಲಿಲ್ಲ. “ಗಂಟಲು ಒಣಗಿದೆ ಕಣೇ,” ಅಂದಳು.

ಸೊಸೆ ಎದ್ದು ನಲ್ಲಿ ತಿರುಗಿಸಿ ಅಲ್ಲಿದ್ದ ಸ್ಟೀಲ್ ಲೋಟವನ್ನು ತೊಳೆದು ತುಂಬಿಸಿ ಕೊಟ್ಟಳು. ಅತ್ತೆ ಒಂದು ಗುಟುಕು ಕುಡಿದು ಲೋಟ ಇಳಿಸಿದಳು. ಮತ್ತೊಂದು ಕುಡಿದಳು. ಗಂಟಲಿನ ಸಡಿಲ ಚರ್ಮ ಮೇಲಕ್ಕೂ ಕೆಳಕ್ಕೂ ಆಡಿತು. ಅರ್ಧ ಆದ ಮೇಲೆ ಲೋಟವನ್ನು ಚಾಚಿದಳು.

“ತಗೋ. ಬೆಳಿಗ್ಗೆಯಿಂದ ನೀನೂ ಏನೂ ಕುಡಿದಿಲ್ಲ.”

ಸೊಸೆ ಕೈ ನೀಡುವಷ್ಟರಲ್ಲಿ ಗೋಡೆಯ ಆಚೆ ಇನ್ನೊಂದು ಪಂಪು ಶುರುವಾಯಿತು. ಬೆಂಚು ಅದುರಿತು. ಲೋಟದ ನೀರಿನ ಮೇಲೆ ಸಣ್ಣ ಸಣ್ಣ ಉಂಗುರಗಳು ಎದ್ದು ಅಂಚಿನವರೆಗೂ ಓಡಿದವು. ಮುದುಕಿ ಅದನ್ನು ಹಿಂದಕ್ಕೆಳೆದುಕೊಂಡು, ಅದುರು ನಿಲ್ಲುವವರೆಗೂ ಒಂದು ತೊಟ್ಟೂ ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಳು.