ರಾಯಬಾಗದ ಏಳು ಮೌನಗಳು

ಟಣ್ ಎಂದಿತು. ರಾತ್ರಿ ಹನ್ನೊಂದೂವರೆ. ನನ್ನ ಪಿಟೀಲು ಬೇಕೆಂದೇ ಸುಮ್ಮನಿದ್ದ ಹೊತ್ತು ಅದು.

ಒಂಟಿ ಪಿಟೀಲಿಗೆಂದೇ ಎರಡು ವರ್ಷ ಕೂತು ನಾನು ಬರೆದ ಐದು ತುಣುಕುಗಳಿಗೆ ಐದು ಊರುಗಳ ಹೆಸರಿಟ್ಟಿದ್ದೆ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ರಾಯಬಾಗದಲ್ಲಿ ಮಾತ್ರ ನಡುನಡುವೆ ಉದ್ದುದ್ದ ಮೌನ. ಅಲ್ಲಿನ ಸ್ಟೇಶನ್ನಿನಲ್ಲಿ ರೈಲು ಕಾದವರಿಗೆ ಕಾರಣ ಹೇಳಬೇಕಿಲ್ಲ. ಇವನ್ನು ಬಾರಿಸಿ ಕ್ಯಾಸೆಟ್ಟಿನಲ್ಲಿ ಪುಣೆಯ ಸ್ಪರ್ಧೆಗೆ ಕಳಿಸಬೇಕಿತ್ತು; ಗೆದ್ದ ರಚನೆಯನ್ನು ಸ್ಪರ್ಧೆಯವರೇ ಅಚ್ಚು ಹಾಕಿಸುತ್ತಿದ್ದರು. ಜೊತೆಗೆ ಬೇರೆ ವಾದ್ಯ ಕೂಡದು, ಕ್ಯಾಸೆಟ್ಟನ್ನು ನಡುವೆ ನಿಲ್ಲಿಸಕೂಡದು ಎಂಬುದು ನಿಯಮ. ಬೆಳಗಿನ ಟಪಾಲು ತಪ್ಪಿದರೆ ಅವಧಿ ಮುಗಿಯುತ್ತಿತ್ತು. ನಾನು ಬಾಡಿಗೆಗಿದ್ದ ಅಂಕಲಿಯಲ್ಲಿ ಹಗಲೆಲ್ಲ ಕಬ್ಬಿನ ಟ್ರ್ಯಾಕ್ಟರು, ಸಂಜೆ ಕರೆಂಟಿಲ್ಲ. ರೆಕಾರ್ಡು ಮಾಡಲು ಉಳಿದದ್ದು ಈ ಹೊತ್ತೊಂದೇ.

ಹಲ್ಲಿ ಟಣ್ ಅನ್ನುವುದಿಲ್ಲವೆಂದು ಗೊತ್ತಿದ್ದರೂ ಹಲ್ಲಿಯೇ ಇರಬೇಕೆಂದುಕೊಂಡು ಬಾರಿಸುತ್ತ ಹೋದೆ. ಮುಂದಿನ ಮೌನದಲ್ಲೂ ಹಲ್ಲಿ ಟಣ್ ಎಂದಿತು. ಲಯ ತಪ್ಪಲಿಲ್ಲ.

ಬೆಳಿಗ್ಗೆ ಕ್ಯಾಸೆಟ್ಟು ಹಾಕಿ ಕೇಳಿದೆ. ಏಳು ಮೌನ, ಏಳು ಟಣ್. ಹೊರಗೆ ಮನೆಯೊಡತಿ ಲಕ್ಕವ್ವ ಆಯಿ ತಾಮ್ರದ ಕೊಡ ಬೆಳಗುತ್ತಿದ್ದರು. ಬೆರಳಲ್ಲಿ ದಪ್ಪ ಬೆಳ್ಳಿಯುಂಗುರ.

“ಆಯಿ, ರಾತ್ರಿ ಕೊಡ ಬಡದ್ರೇನ್ರಿ?”

“ಮತ್ತೇನ್ ಮಾಡ್ಲಿ ಬಾಯಾರ? ನೀವು ಮರತು ಮರತು ನಿಂದರಾಕತ್ತಿದ್ರಿ. ಭಜನ್ಯಾಗ ಹಾಡಾವ್ರು ಮರತ್ರ ತಾಳದಾವ್ರು ಕೈ ಬಿಡಬಾರ್ದು. ಮಂದ್ಯಾಗ ಮರ್ಯಾದಿ ಹೋಗತೈತಿ.”

“ಮಂದಿ ಯಾರೂ ಇರ್ಲಿಲ್ಲಲ್ರಿ.”

“ನಾ ಇದ್ನೆಲ್ಲ! ಏಳ ಸಲ ಮರತ್ರಿ. ನಮ್ಮ ಭಜನಿ ಜಕ್ಕಪ್ಪ ಕುಡದ್ ಬಂದ್ರೂ ಅಷ್ಟ್ ಮರ್ಯಾಂಗಿಲ್ಲ.”

ಮತ್ತೆ ಬಾರಿಸಲು ಸಮಯವಿರಲಿಲ್ಲ. ವಿವರಣೆಯ ಚೀಟಿಯನ್ನು ನಾಲ್ಕು ಸಲ ಬರೆದೆ. ‘ತಾಮ್ರದ ಕೊಡ’ ಎಂಬಲ್ಲಿಗೆ ಬಂದಾಗಲೆಲ್ಲ ನನಗೇ ನಂಬಿಕೆ ಬರಲಿಲ್ಲ. ಚೀಟಿ ಹರಿದು ಕ್ಯಾಸೆಟ್ಟನ್ನಷ್ಟೇ ಕಳಿಸಿದೆ.

ಒಂದೂವರೆ ತಿಂಗಳ ಮೇಲೆ ಪತ್ರ ಬಂತು. ಮೊದಲ ಬಹುಮಾನ! ‘ರಾಯಬಾಗದ ಮೌನಗಳಲ್ಲಿ ಪಿಟೀಲಿನ ಮೈ ತಟ್ಟಿ ಹೊರಡಿಸಿದ ಲೋಹನಾದ ಅಪೂರ್ವ. ಅದಿಲ್ಲದಿದ್ದರೆ ಆ ಮೌನಗಳು ತೀರಾ ಉದ್ದವೆನಿಸುತ್ತಿದ್ದವು. ಅಚ್ಚಿನಲ್ಲಿ ನಮೂದಿಸಬೇಕಾಗಿದೆ, ಯಾವ ಬೆರಳಿನಿಂದ ತಟ್ಟಿದಿರಿ?’

ಪಿಟೀಲನ್ನು ಎಲ್ಲ ಬೆರಳುಗಳಿಂದ ತಟ್ಟಿ ನೋಡಿದೆ. ಬಾಗಿಲು ಬಡಿದಂತಾಯಿತು ಅಷ್ಟೆ. ನಿಜ ಬರೆದರೆ ಎರಡು ವರ್ಷದ ಕೆಲಸ ಅಚ್ಚಾಗದೆ ಹೋಗುತ್ತಿತ್ತು. ಕೊನೆಗೆ ಹೊರಗೆ ಹೋದೆ.

“ಆಯಿ, ಅವತ್ತು ಯಾವ ಬೆರಳೀಲೆ ಬಡದ್ರಿ?”

“ಉಂಗುರದ ಬೆರಳೀಲೆ. ಯಾಕ? ಕಾಗದದಾಗ ಏನ್ ಬರದಾರ?”

“ನಾ ಪಾಸಾದೆ ಅಂತ್ರಿ.”

ಆಯಿ ಕೊಡ ಕೆಳಗಿಟ್ಟು ದನಿ ತಗ್ಗಿಸಿದರು. “ನೀವು ಮರತದ್ದು ಅವರಿಗೆ ಗೊತ್ತಾಗ್ಲಿಲ್ಲೇನು?”

“ಇಲ್ರಿ.”

ಅವರು ಬೀದಿಯ ಎರಡೂ ಕಡೆ ನೋಡಿ, ಸೆರಗು ಸರಿಮಾಡಿಕೊಂಡರು.

“ಹಂಗಾರ ನಾನೂ ಯಾರ ಮುಂದೂ ಬಾಯಿ ಬಿಡಾಂಗಿಲ್ಲ. ನಡೀರಿ.”