ಮೂರನೆಯ ಚೌಕ

ನಾನು ಒಂದು ವೆಬ್ ಪುಟ. ಹುಟ್ಟಿದಾಗಿನಿಂದಲೂ ನನಗೆ ಯಾರ ಮೇಲೂ ಪೂರ್ತಿ ನಂಬಿಕೆ ಇಲ್ಲ. ಇದನ್ನು ನನ್ನ ಕೆಟ್ಟ ಬುದ್ಧಿ ಎಂದುಕೊಳ್ಳಬೇಡಿ. ನನ್ನ ಕಥೆ ಕೇಳಿದ ಮೇಲೆ ನೀವೇ ಹೇಳಿ.

ಗದಗದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ, ಕಿಟಕಿ ಪಕ್ಕದ ಯಂತ್ರದೊಳಗೆ, ಒಂದು ಮಧ್ಯಾಹ್ನ ನಾನು ಬೆಳ್ಳಗೆ ಕಣ್ಣು ಬಿಟ್ಟೆ. ಎದುರಿಗೆ ಒಂದು ಮುಖವಿತ್ತು. ಹಣೆಯಲ್ಲಿ ವಿಭೂತಿ, ಕೆನ್ನೆಗೆ ಕೈ, ಕಣ್ಣಲ್ಲಿ ಹೆದರಿಕೆ. ಅವಳು ದಾಕ್ಷಾಯಿಣಿ, ಮದುವೆಯಾಗಿ ಆ ಊರಿಗೆ ಬಂದಿದ್ದ ಹೊಸ ಸೊಸೆ. ನನ್ನನ್ನು ಮಾಡಲು ಅವಳಿಗೆ ಎಡಿಟರ್ ಎಂಬ ಒಂದು ತಂತ್ರಾಂಶ ಕೊಟ್ಟಿದ್ದರು. ಅದರ ಮಾತು ಬಹಳ ನಯ. ಕೋಡ್ ಗೀಡ್ ಏನೂ ಬೇಡ, ಚಿತ್ರವನ್ನು ಎಳೆದು ತಂದು ಬೇಕಾದಲ್ಲಿ ಬಿಡು, ಬಣ್ಣ ಬೇಕೆಂದರೆ ಬಣ್ಣ ಒತ್ತು, ನಿನ್ನ ಕಣ್ಣಿಗೆ ಕಂಡದ್ದೇ ಲೋಕದ ಕಣ್ಣಿಗೂ ಕಾಣುತ್ತದೆ ಎನ್ನುತ್ತಿತ್ತು. ಅಜ್ಜಿಯರ ಕಥೆಯಲ್ಲಿ, ಕಾಡಿನಲ್ಲಿ ದಾರಿ ತಪ್ಪಿದ ಹುಡುಗಿಗೆ ‘ಬಾ ಮಗಳೇ, ಕೂತ್ಕೋ, ಉಣ್ಣು’ ಎನ್ನುವ ಮುದುಕಿ ಎದುರಾದರೆ ಮಕ್ಕಳೆಲ್ಲ ಅಜ್ಜಿಯ ಸೆರಗು ಹಿಡಿಯುತ್ತವಲ್ಲ, ಆ ಎಡಿಟರಿನ ಮಾತು ಕೇಳಿದಾಗ ನನಗೂ ಹಾಗೇ ಆಯಿತು. ಹಿಡಿಯಲು ಸೆರಗಿರಲಿಲ್ಲ, ಅಷ್ಟೇ.

ದಾಕ್ಷಾಯಿಣಿ ನನ್ನ ಮೈಯನ್ನು ಚೌಕ ಚೌಕವಾಗಿ ಕತ್ತರಿಸಿದಳು. ನೋವಾಗಲಿಲ್ಲ, ಕಚಗುಳಿಯಾಯಿತು. ಅವಳಿಗೆ ಚೌಕಗಳ ಅಭ್ಯಾಸವಿತ್ತು. ಅವಳು, ಅವಳ ನೆಗೆಣ್ಣಿ ಅಂದರೆ ಓರಗಿತ್ತಿ ಇಂದುಮತಿ, ಓಣಿಯಾಚೆಯ ಕಸ್ತೂರೆವ್ವ, ಮೂವರೂ ಸೇರಿ ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆ, ಕುಪ್ಪಸದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಶುರುಮಾಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುವ ಹೊಲಿಗೆ. ಆ ಕೌದಿಗಳನ್ನು ದೂರದೂರಿನವರಿಗೆ ತೋರಿಸಲೆಂದೇ ನಾನು ಹುಟ್ಟಿದ್ದು. ಮೇಲೆ ‘ಕೌದಿ ಮನೆ’ ಎಂಬ ಹೆಸರು, ನಡುವೆ ಕೌದಿಗಳು, ಕೆಳಗೆ ಮೂರು ಚೌಕಗಳಲ್ಲಿ ಮೂವರ ಫೋಟೋ. ಕನ್ನಡ ಅಕ್ಷರ ಬೇರೆಯವರ ಕಂಪ್ಯೂಟರಿನಲ್ಲಿ ಒಡೆದು ಕಾಣುತ್ತಿದ್ದ ಕಾಲ ಅದು. ಹಾಗಾಗಿ ಹೆಸರುಗಳನ್ನೂ ಆಯಾ ಫೋಟೋದ ಮೇಲೆಯೇ ಹಳದಿ ಬಣ್ಣದಲ್ಲಿ ಬರೆಯಬೇಕಾಗಿತ್ತು.

ಇಲ್ಲೇ ಒಂದು ಮಾತು. ಫೋಟೋ ನನ್ನ ಮೈಯಲ್ಲಿ ಅಂಟಿರುತ್ತದೆ ಎಂದು ನೋಡುವವರು ತಿಳಿಯುತ್ತಾರೆ. ಅಂಟಿರುವುದಿಲ್ಲ. ಫೋಟೋ ಎಲ್ಲಿದೆ ಎಂಬ ವಿಳಾಸ ಮಾತ್ರ ನನ್ನ ಹತ್ತಿರ ಇರುತ್ತದೆ. ಯಾರಾದರೂ ನನ್ನನ್ನು ತೆರೆದಾಗ ಆ ವಿಳಾಸಕ್ಕೆ ಓಡಿ ಹೋಗಿ ತಂದು ತೋರಿಸುತ್ತೇನೆ. ತರಬೇತಿಯ ಮೇಷ್ಟ್ರು ಎಲ್ಲವನ್ನೂ ನನ್ನ ಪಕ್ಕದಲ್ಲೇ, ಒಂದೇ ಫೋಲ್ಡರಿನಲ್ಲಿ ಇಡಿಸಿದ್ದರು. ದಾಕ್ಷಾಯಿಣಿಯ ಫೋಟೋ, ಇಂದುಮತಿಯ ಫೋಟೋ, ಕೌದಿಗಳ ಫೋಟೋ ಎಲ್ಲವೂ ಅಲ್ಲಿದ್ದವು. ಯಾಕೆ ಅಲ್ಲೇ ಇಡಬೇಕು ಎಂದು ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ.

ಮೂರನೆಯ ಚೌಕ ಮಾತ್ರ ಖಾಲಿ ಉಳಿಯಿತು. ಕಸ್ತೂರೆವ್ವ ಫೋಟೋ ಕೊಡಲು ಒಪ್ಪಲಿಲ್ಲ.

‘ನನ್ನ ಮಾರಿ ಯಾರ್ಯಾರ ಮನಿಯಾಗ ಹೋಗಿ ಕುಂದರತೈತೋ ಏನೋ. ನನಗ ಬ್ಯಾಡವಾ’ ಎಂದಳಂತೆ.

ತರಬೇತಿ ಮುಗಿದು ನಾನು ದಾಕ್ಷಾಯಿಣಿಯ ಮನೆಯ ಕಂಪ್ಯೂಟರಿಗೆ ಬಂದೆ. ಪಡಸಾಲೆಯ ಕಿಟಕಿಯ ಬಳಿ ನನ್ನ ವಾಸ. ಓಣಿ ಎಷ್ಟು ಕಿರಿದೆಂದರೆ ಎದುರಿನ ಕಟ್ಟೆಯಲ್ಲಿ ಕಸ್ತೂರೆವ್ವ ಸೂಜಿಗೆ ದಾರ ಪೋಣಿಸುವಾಗ ತುಟಿ ಒದ್ದೆ ಮಾಡಿಕೊಳ್ಳುವುದೂ ನನಗೆ ಕಾಣುತ್ತಿತ್ತು. ಆ ಓಣಿಯ ಸೊಸೆಯರಿಗೆ ಸೂಜಿ ಹಿಡಿಯಲು ಕಲಿಸಿದವಳು ಅವಳೇ. ಗಂಡನಿಲ್ಲ, ಮಕ್ಕಳಿಲ್ಲ, ಕೌದಿಯೇ ಎಲ್ಲ. ಕೊನೆಗೆ ಅವಳೇ ಒಂದು ದಿನ ತಲೆ ಬಾಚಿಕೊಂಡು ಬಂದು ನಿಂತಳು. ‘ತಗಿ ಅತ್ಲಾಗ ಫೋಟೋ. ನೀವಿಬ್ರ ಅಷ್ಟ ನಕ್ಕೋತ ಕುಂತ್ರ ನಾ ಏನ್ ಸತ್ತೇನೇನು?’

ದಾಕ್ಷಾಯಿಣಿ ಸಂತೋಷದಿಂದ ಫೋಟೋ ತೆಗೆದಳು, ಹಳದಿ ಹೆಸರು ಬರೆದಳು, ಕಂಪ್ಯೂಟರಿನ ಡೆಸ್ಕ್‌ಟಾಪಿನ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟುಕೊಂಡಳು. ಅಲ್ಲಿಂದಲೇ ಎಳೆದು ತಂದು ಮೂರನೆಯ ಚೌಕದಲ್ಲಿ ಬಿಟ್ಟಳು. ಫೋಲ್ಡರ್ ಮರೆತೇ ಹೋಗಿತ್ತು. ನಾನು ಬೇಡ ಎಂದೆ. ನನ್ನ ದನಿ ಯಾರಿಗೆ ಕೇಳುತ್ತದೆ? ಎಡಿಟರ್ ಮಾತ್ರ ಏನೂ ಆಗಿಲ್ಲವೆಂಬಂತೆ ಕಸ್ತೂರೆವ್ವನ ಮುಖವನ್ನು ಚೆಂದವಾಗಿ ತೋರಿಸಿತು. ನನ್ನ ಹಿಂಬದಿಯಲ್ಲಿ ಒಂದು ವಿಳಾಸ ಬರೆದುಕೊಂಡಿತು: ಈ ಮನೆಯ, ಈ ಕಂಪ್ಯೂಟರಿನ, ಇಂಥ ಮೂಲೆ.

ಆಮೇಲೆ ಅವಳು ಒಂದು ಗುಂಡಿ ಒತ್ತಿ ನನ್ನನ್ನು ಲೋಕಕ್ಕೆ ಕಳಿಸಿದಳು. ಆಗ ನಾನು ಇಬ್ಬರಾದೆ. ಒಬ್ಬಳು ಮನೆಯಲ್ಲಿ ಉಳಿದಳು, ಇನ್ನೊಬ್ಬಳು ಎಲ್ಲೋ ದೂರದ ಸರ್ವರಿನಲ್ಲಿ ಹೋಗಿ ಕುಳಿತಳು. ಫೋಲ್ಡರಿನಲ್ಲಿದ್ದ ಚಿತ್ರಗಳೆಲ್ಲ ಆ ದೂರದವಳ ಜೊತೆ ಹೋದವು. ಕಸ್ತೂರೆವ್ವ ಹೋಗಲಿಲ್ಲ. ನೆಟ್ ಹಚ್ಚಿದರೆ ಫೋನು ಬಂದ್ ಆಗುತ್ತದೆಂದು ಅತ್ತೆ ಗೊಣಗುತ್ತಿದ್ದ ಮನೆ ಅದು. ಹಾಗಾಗಿ ದಾಕ್ಷಾಯಿಣಿ ಪ್ರತಿ ಸಲ ಮನೆಯವಳನ್ನೇ ತೆರೆದು ನೋಡಿ ಖುಷಿಪಡುತ್ತಿದ್ದಳು. ದೂರದವಳನ್ನು ಅವಳು ನೋಡಿಯೇ ಇರಲಿಲ್ಲ.

ಕಸ್ತೂರೆವ್ವ ನೋಡಿದಳು. ತಂಗಿಯ ಮಗಳ ಜೊತೆ ಸೈಬರ್ ಕೆಫೆಗೆ ಹೋಗಿ, ಕುರ್ಚಿಯ ತುದಿಗೆ ಕೂತು, ಸೆರಗಿನಿಂದ ಬಾಯಿ ಒರೆಸಿಕೊಂಡು ಕಾದಳು. ಮೊದಲ ಚೌಕದಲ್ಲಿ ದಾಕ್ಷಾಯಿಣಿ ಬಂದಳು. ಎರಡನೆಯದರಲ್ಲಿ ಇಂದುಮತಿ ಬಂದಳು. ಮೂರನೆಯದಕ್ಕೆ, ಎಡಿಟರ್ ಬರೆದಿದ್ದ ವಿಳಾಸ ಹಿಡಿದು ನಾನು ಓಡಿದೆ. ಆ ಕೆಫೆಯ ಯಂತ್ರದಲ್ಲಿ ಅಂಥ ಮನೆಯೂ ಇರಲಿಲ್ಲ, ಮೂಲೆಯೂ ಇರಲಿಲ್ಲ. ಬರಿಗೈಯಲ್ಲಿ ವಾಪಸಾದೆ. ಖಾಲಿ ಚೌಕ, ಅದರ ಮೂಲೆಯಲ್ಲೊಂದು ಕೆಂಪು ಕಾಟು, ಇಂಟು ಗುರುತು.

‘ಇಲ್ಲಿ ಯಾಕ ಕಾಟು ಹೊಡದಾರ?’

‘ಫೋಟೋ ತಗದಿರಬೇಕು ದೊಡ್ಡವ್ವಾ’ ಎಂದಳು ಹುಡುಗಿ.

ಕಸ್ತೂರೆವ್ವನ ಮುಖ ಮಡಚಿಟ್ಟ ಬಟ್ಟೆಯ ಹಾಗೆ ಆಯಿತು.

ಸಂಜೆ ಅವಳು ಪಡಸಾಲೆಗೆ ಬಂದಾಗ ನಾನು ತೆರೆದೇ ಇದ್ದೆ.

‘ಕೌದಿ ಕಲಿಸಿದಾಕಿನ್ನ ಕೌದಿಯಿಂದ ಹೊರಗ ಹಾಕೀರಿ. ಬಾಳ ಛಲೋ ಆತು ದಾಕ್ಷಿ.’

‘ಯಾರ್ ಹಾಕ್ಯಾರ ಕಾಕೂ? ನೋಡ್ರಿ, ಇಲ್ಲೇ ಅದೀರಲ್ಲ! ಎಷ್ಟ್ ಚೆಂದ ನಗಾಕತ್ತೀರಿ.’

ಕಸ್ತೂರೆವ್ವ ಬಗ್ಗಿ ನೋಡಿದಳು. ತನ್ನ ಮುಖ ತನ್ನನ್ನೇ ನೋಡಿ ನಗುತ್ತಿತ್ತು. ಅದನ್ನು ನೋಡಿ ಅವಳ ಸಿಟ್ಟು ಇನ್ನಷ್ಟು ಏರಿತು.

‘ನಾ ಬಾಗಲಾ ದಾಟೂದ್ರಾಗ ಹಚ್ಚೀದಿ. ನಾ ಹೋದ ಮ್ಯಾಲ ತಗೀತಿ.’

‘ಶಿವನಾಣಿ ಕಾಕೂ!’

‘ಶಿವನ್ನ ಯಾಕ ನಡುವ ಎಳೀತಿ, ಅವಂಗೇನ್ ಕಂಪ್ಯೂಟರ್ ಬರ್ತೈತಿ?’ ಎಂದು ಕಸ್ತೂರೆವ್ವ ಗಾಜಿನ ಮೇಲೆ ಬೆರಳಿಟ್ಟಳು. ‘ಕೌದಿ ತಗೊಳ್ಳಾವ್ರು ಮದಲ ಹಿಂದ ಹೊಳ್ಳಿಸಿ ನೋಡ್ತಾರ. ಮುಂದ ಎಲ್ಲಾರೂ ಚೆಂದ ಹೊಲೀತಾರ. ಇದರದೂ ಹಿಂದಿನ ಮಗ್ಗಲ ಇರಬೇಕಲ್ಲ? ತೋರ್ಸು.’

ಹಿಂಬದಿ ಇತ್ತು. ಎಡಿಟರಿನ ಕೆಳಗೆ ಸಣ್ಣದೊಂದು ಗುಂಡಿ, ಒತ್ತಿದರೆ ನನ್ನ ಹೊಲಿಗೆಯೆಲ್ಲ ಕೋಡಾಗಿ ಕಾಣುತ್ತಿತ್ತು. ಒತ್ತು, ಒತ್ತು ಎಂದು ನಾನು ಬೇಡಿಕೊಂಡೆ. ದಾಕ್ಷಾಯಿಣಿಯ ಕೈ ಅರ್ಧಕ್ಕೆ ನಿಂತಿತು. ಅವಳು ಆ ಬದಿಗೆ ಎಂದೂ ಹೋದವಳಲ್ಲ. ಮುಟ್ಟಿದರೆ ಎಲ್ಲ ಕೆಟ್ಟುಹೋಗುತ್ತದೆಂದು ಅವಳಿಗೆ ಭಯ. ತನಗೇ ತಿಳಿಯುವುದಿಲ್ಲ ಎಂದು ಅವಳು ಹೇಳಬೇಕಾಗಿತ್ತು. ನಾಚಿಕೆ ಅಡ್ಡ ಬಂತು.

‘ಅದೆಲ್ಲಾ ಇಂಗ್ಲಿಷ್‌ನ್ಯಾಗ ಐತ್ರಿ. ನಿಮಗ ತಿಳಿಯಂಗಿಲ್ಲ.’

‘ತಿಳೀತು ಬಿಡು’ ಎಂದು ಕಸ್ತೂರೆವ್ವ ಹೊರಟುಹೋದಳು.

ಕಥೆಗಳಲ್ಲಿ ಇಬ್ಬರು ಜಗಳವಾಡಿದರೆ ಒಬ್ಬರದು ಸುಳ್ಳಾಗಿರುತ್ತದೆ. ಇಲ್ಲಿ ಇಬ್ಬರೂ ಕಂಡದ್ದನ್ನೇ ಹೇಳಿದ್ದರು.

ಮರುದಿನ ದಾಕ್ಷಾಯಿಣಿ ತಾನೇ ಕೆಫೆಗೆ ಹೋದಳು. ಕಾಟು ಹೊಡೆದ ಚೌಕ ನೋಡಿದಳು. ಮನೆಗೆ ಓಡಿ ಬಂದು ನನ್ನನ್ನು ತೆರೆದಳು. ಕಸ್ತೂರೆವ್ವ ಇದ್ದಳು. ಮತ್ತೆ ಕಳಿಸಿದಳು, ಮತ್ತೆ ಕೆಫೆಗೆ ಹೋದಳು. ಕಸ್ತೂರೆವ್ವ ಇಲ್ಲ. ಈಗ ಅನುಮಾನ ಅವಳ ತಲೆಯಲ್ಲೂ ಗೂಡು ಕಟ್ಟಿತು. ತನ್ನನ್ನು ಬಿಟ್ಟರೆ ಪಾಸ್‌ವರ್ಡ್ ಗೊತ್ತಿದ್ದದ್ದು ಇಂದುಮತಿಗೆ ಮಾತ್ರ.

‘ಅಕ್ಕಾ, ನೀವೇನರ ಮುಟ್ಟೀರೇನು?’

ಇಂದುಮತಿ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ‘ನಾನು? ಆ ಕಂಪ್ಯೂಟರಿನ ಇಲಿ ಹಿಡದ್ರ ಬಾಣ ಒಂದ್ ಕಡೆ, ನಾ ಒಂದ್ ಕಡೆ ಹೋಗ್ತೀವಿ. ನಾ ಮುಟ್ಟೇನಂತ! ಬರಬರತ ಮನ್ಯಾಗ ಕಳ್ಳರನ್ನ ಹುಡಕಾಕತ್ತಿಯೇನು?’

ಅಂದಿನಿಂದ ಆ ಮನೆಯಲ್ಲಿ ಪಾತ್ರೆಗಳ ಸದ್ದು ಜಾಸ್ತಿಯಾಯಿತು, ಮಾತು ಕಡಿಮೆಯಾಯಿತು.

ಇದರ ನಡುವೆ ಮೈಸೂರಿನ ಒಂದು ಕರಕುಶಲ ಮೇಳದವರು ಫೋನು ಮಾಡಿದರು. ನನ್ನನ್ನು ನೋಡಿದ್ದರಂತೆ. ಜನರೆದುರು ಕೂತು ಕೌದಿ ಹೊಲಿದು ತೋರಿಸಲು ‘ನಿಮ್ಮ ಪುಟದಲ್ಲಿರುವ ಇಬ್ಬರೂ’ ಬರಬೇಕೆಂದರು. ನಾವು ಮೂವರಿದ್ದೇವೆ ಎಂದು ದಾಕ್ಷಾಯಿಣಿ ಎಷ್ಟು ಹೇಳಿದರೂ ಇಬ್ಬರಿಗೇ ಜಾಗ ಎಂದರು. ಓಣಿಯಲ್ಲಿ ಇಂಥ ಸುದ್ದಿ ಎಷ್ಟು ಹೊತ್ತು ಮುಚ್ಚಿರುತ್ತದೆ?

ಮೇಳಕ್ಕೆಂದು ಒಂದು ದೊಡ್ಡ ಕೌದಿ ಪಡಸಾಲೆಯಲ್ಲಿ ಹಾಸಿಕೊಂಡಿತ್ತು. ಮೂರು ಅಂಚಿನಿಂದ ಮೂವರೂ ಹೊಲಿಯುತ್ತಿದ್ದ ಕೌದಿ. ಕಸ್ತೂರೆವ್ವ ಬಂದು ತನ್ನ ಅಂಚಿನಲ್ಲಿ ಕೂತಳು. ಹೊಲಿಯಲು ಬಂದಳೆಂದು ದಾಕ್ಷಾಯಿಣಿಯ ಮುಖ ಅರಳಿತು. ಕಸ್ತೂರೆವ್ವ ಕತ್ತರಿ ತೆಗೆದು ತನ್ನ ಹೊಲಿಗೆಯನ್ನು ಬಿಚ್ಚತೊಡಗಿದಳು. ಒಂದು ಎಳೆಯೂ ಹರಿಯದಂತೆ, ಬಹಳ ಜೋಪಾನವಾಗಿ ಬಿಚ್ಚಿದಳು. ದಾರವನ್ನು ಉಂಡೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

‘ನಿಮ್ಮ ಮನಿ ಕೌದಿ ನಿಮ್ಮ ಮನಿಯವ್ರ ಹೊಲೀರಿ. ನನ್ನ ಕೈ ಇದರಾಗ ಬ್ಯಾಡ.’

ಅವಳು ಹೋದ ಮೇಲೆ ದಾಕ್ಷಾಯಿಣಿ ನನ್ನೆದುರು ಕೂತು ಅತ್ತಳು. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ತೆಗೆಯದೆಯೇ ತೆಗೆದೆ ಅನ್ನಿಸಿಕೊಂಡೆ, ಹಾಗಿದ್ದರೆ ತೆಗೆದೇಬಿಡುತ್ತೇನೆ ಅಂದುಕೊಂಡಳೋ ಏನೋ, ಡೆಸ್ಕ್‌ಟಾಪಿನ ಮೇಲಿದ್ದ ಕಸ್ತೂರೆವ್ವನ ಫೋಟೋ ಹಿಡಿದು ಕಸದ ಬುಟ್ಟಿಗೆ ಎಳೆದು ಹಾಕಿದಳು. ನನ್ನನ್ನು ಮಾತ್ರ ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಸುಮ್ಮನೆ ನನ್ನನ್ನು ಮುಚ್ಚಿ ತೆರೆದಳು.

ನಾನು ವಿಳಾಸ ಹಿಡಿದು ಆ ಮೂಲೆಗೆ ಓಡಿದೆ. ಮೂಲೆ ಖಾಲಿ. ಮನೆಯಲ್ಲಿಯೂ ಈಗ ಮೂರನೆಯ ಚೌಕದಲ್ಲಿ ಕಾಟು ಬಂತು.

ದಾಕ್ಷಾಯಿಣಿ ಗಾಜಿನ ಹತ್ತಿರ ಬಗ್ಗಿದಳು. ‘ನಿನ್ನ ನಾ ಮುಟ್ಟೇ ಇಲ್ಲಲ್ಲ...’ ಎಂದಳು. ಅದು ಅವಳು ನನಗೆ ನೇರವಾಗಿ ಆಡಿದ ಮೊದಲ ಮಾತು. ಬುಟ್ಟಿಯಿಂದ ಫೋಟೋ ಎತ್ತಿ ಇದ್ದಲ್ಲೇ ಇಟ್ಟಳು, ಮುಖ ಬಂತು. ಸರಿಸಿದಳು, ಹೋಯಿತು. ಮತ್ತೆ ಇಟ್ಟಳು. ಕೊನೆಗೆ, ಹಾವಿನ ಬುಟ್ಟಿಯ ಮುಚ್ಚಳ ತೆಗೆಯುವವರ ಹಾಗೆ ತಲೆ ಹಿಂದಕ್ಕೆ ಎಳೆದುಕೊಂಡೇ, ಆ ಸಣ್ಣ ಗುಂಡಿ ಒತ್ತಿ ನನ್ನ ಹಿಂಬದಿ ನೋಡಿದಳು. ಎರಡು ಚಿತ್ರಗಳ ವಿಳಾಸ ಚಿಕ್ಕದಾಗಿತ್ತು. ಮೂರನೆಯದು ಉದ್ದವಾಗಿತ್ತು, ಅದರಲ್ಲಿ ಅವಳದೇ ಕಂಪ್ಯೂಟರಿನ ಹೆಸರಿತ್ತು.

ಸುಮ್ಮನೆ ಫೋಲ್ಡರಿಗೆ ಹಾಕಿ ಸರಿಪಡಿಸಿ ಕಳಿಸಿಬಿಡಬಹುದಾಗಿತ್ತು. ಅವಳು ಹಾಗೆಯೇ ಮಾಡುತ್ತಾಳೆಂದು ನನ್ನ ಅನುಮಾನ. ಅವಳು ಕಿಟಕಿಗೆ ಬಂದು ಓಣಿಯಾಚೆ ಕೂಗಿದಳು.

‘ಕಾಕೂ, ನಿಮ್ಮನ್ನ ನಾ ತಗದೆ!’

ಕಟ್ಟೆಯ ಮೇಲಿನಿಂದ ಉತ್ತರ ಬಂತು. ‘ಗೊತ್ತಿತ್ತು.’

‘ಅವಾಗಲ್ಲ. ಈಗ. ಸಿಟ್ಟಿನ್ಯಾಗ. ತಗದ ಮ್ಯಾಲ ತಿಳೀತು, ಅವಾಗ ಯಾಕ ಇರಲಿಲ್ಲ ಅಂತ. ಒಂದ್ ಸಲ ಬರ್ರಿ. ಹಿಂದಿನ ಮಗ್ಗಲ ತೋರಿಸ್ತೀನಿ.’

ಬಹಳ ಹೊತ್ತು ಅವಳು ಬರಲಿಲ್ಲ. ಆಮೇಲೆ ಬಂದಳು, ಕೂರದೆ ನಿಂತೇ ನೋಡಿದಳು. ದಾಕ್ಷಾಯಿಣಿ ನನ್ನನ್ನು ಹೊಳ್ಳಿಸಿ ವಿಳಾಸ ತೋರಿಸಿದಳು. ‘ಎಲ್ಲಾ ತುಂಡೂ ಕೌದಿ ಕೂಡ ಕಳಿಸೇನಿ ಕಾಕೂ. ನಿಮ್ಮ ತುಂಡು ನಮ್ಮ ಟ್ರಂಕಿನ್ಯಾಗ ಉಳದೈತಿ. ನನಗೂ ಇದು ತಿಳಿಯಂಗಿಲ್ಲ ಅಂತ ಅವತ್ತ ಹೇಳಾಕ ನಾಚಿಕಿ ಆತು.’ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಇಂದುಮತಿಯ ಕಡೆ ತಿರುಗಿ, ‘ನಿಮ್ಮ ಮ್ಯಾಲೂ ಸುಳ್ಳ ಅನುಮಾನ ಪಟ್ಟೆ, ಅಕ್ಕಾ’ ಎಂದಳು.

‘ಅದನ್ನ ರೊಟ್ಟಿ ತಿನ್ನುವಾಗ ಹೇಳು, ಈಗ ಆಕಿಗೆ ತೋರ್ಸು’ ಎಂದಳು ಇಂದುಮತಿ.

ಫೋಟೋ ಫೋಲ್ಡರಿಗೆ ಹೋಯಿತು, ವಿಳಾಸ ಚಿಕ್ಕದಾಯಿತು, ಕಸ್ತೂರೆವ್ವ ಲೋಕಕ್ಕೆ ಹೊರಟಳು. ಮೈಸೂರಿಗೆ ತನ್ನ ಬದಲು ಕಸ್ತೂರೆವ್ವ ಹೋಗಲಿ ಎಂದು ದಾಕ್ಷಾಯಿಣಿ ಅಲ್ಲೇ ಫೋನು ಮಾಡಿ ಹೇಳಿದಳು.

ಕಸ್ತೂರೆವ್ವ ಕಣ್ಣು ಕಿರಿದು ಮಾಡಿದಳು. ‘ನನ್ನ ಅಲ್ಲಿ ಕಳಿಸಿ ಇಲ್ಲಿ ಏನ್ ಮಾಡಾಕಿ?’

ಇಂದುಮತಿಗೆ ನಗು ತಡೆಯಲಾಗಲಿಲ್ಲ. ಕಸ್ತೂರೆವ್ವ ನಗಲಿಲ್ಲ. ಸೀದಾ ಕೆಫೆಗೆ ನಡೆದಳು. ಅಲ್ಲಿ ನಾನು ತೆರೆದುಕೊಂಡೆ, ಓಡಿದೆ, ಈ ಸಲ ಎರಡು ಕೈಯಲ್ಲೂ ಅವಳನ್ನು ಎತ್ತಿಕೊಂಡು ಬಂದೆ. ಅವಳು ನೋಡಿದಳು. ಕುರ್ಚಿ ಬದಲಿಸಿ, ಪಕ್ಕದ ಕಂಪ್ಯೂಟರಿನಲ್ಲೂ ತೆರೆಸಿ ನೋಡಿದಳು. ಆಮೇಲೆ ಪಡಸಾಲೆಗೆ ಬಂದು, ಸೊಂಟದ ದಾರದ ಉಂಡೆ ತೆಗೆದು, ತನ್ನ ಅಂಚಿನಲ್ಲಿ ಕೂತಳು.

ಈಗ ನನಗೆ ವಯಸ್ಸಾಗಿದೆ. ಮನೆಯಲ್ಲಿದ್ದ ನನ್ನ ಜೋಡಿ ಹಳೆಯ ಕಂಪ್ಯೂಟರಿನ ಜೊತೆ ಗುಜರಿಗೆ ಹೋದಳು. ಆ ನಯ ಮಾತಿನ ಎಡಿಟರ್ ಹೊಸ ಯಂತ್ರಗಳಲ್ಲಿ ಬಾಯೇ ಬಿಡುವುದಿಲ್ಲವಂತೆ. ದಾಕ್ಷಾಯಿಣಿ ಕೌದಿಗಳ ಫೋಟೋಗಳನ್ನು ಫೋನಿನಿಂದಲೇ ಕಳಿಸುತ್ತಾಳೆ, ನನ್ನನ್ನು ಮರೆತಿದ್ದಾಳೆ. ನಾನು ಸರ್ವರಿನ ಒಂದು ಮೂಲೆಯಲ್ಲಿ, ಹಬ್ಬ ಕಳೆದ ಮನೆಯ ರಂಗೋಲಿಯ ಹಾಗೆ ಮಸುಕಾಗಿ ಬಿದ್ದಿದ್ದೇನೆ. ನನ್ನನ್ನು ಮೆಚ್ಚಿದವರು ಎಷ್ಟೋ ಜನ ಇದ್ದರು. ಒಮ್ಮೆ ನೋಡಿ, ಚೆನ್ನಾಗಿದೆ ಎಂದು ಹೋದರು. ಮತ್ತೆ ಮತ್ತೆ ಬರುವವಳು ಒಬ್ಬಳೇ. ಪ್ರೀತಿಗೆ ನಂಬಿಕೆ ಹೆಚ್ಚು, ಅದು ತಿರುಗಿ ನೋಡುವುದಿಲ್ಲ. ಅನುಮಾನ ಹಾಗಲ್ಲ, ಬಂದು ಕದ ತಟ್ಟುತ್ತಲೇ ಇರುತ್ತದೆ. ಹಾಗೆ ತಟ್ಟಿಸಿಕೊಂಡೇ ನಾನು ಉಸಿರಾಡುತ್ತಿದ್ದೇನೆ.

ತಂಗಿಯ ಮಗಳು ಕೊಡಿಸಿದ ಫೋನಿನಲ್ಲಿ ಕಸ್ತೂರೆವ್ವ ನನ್ನನ್ನು ತೆರೆಯುತ್ತಾಳೆ. ಅಷ್ಟು ಚಿಕ್ಕ ಗಾಜಿನಲ್ಲಿ ನಾನು ಇರುವೆಯ ಸಾಲಿನಂತೆ ಕಾಣುತ್ತೇನೆ. ಅವಳು ಎರಡು ಬೆರಳಿನಿಂದ ನನ್ನ ಮೈ ಹಿಗ್ಗಿಸಿ ಕೆಳಗೆ ಬರುತ್ತಾಳೆ. ಮೊನ್ನೆಯೂ ಬಂದಳು. ನೆಟ್ ಸರಿಯಿರಲಿಲ್ಲ. ದಾಕ್ಷಾಯಿಣಿ ಬಂದಳು, ಇಂದುಮತಿ ಬಂದಳು. ಮೂರನೆಯ ಚೌಕ ಬೆಳ್ಳಗೆ ನಿಂತಿತು.

‘ದಾಕ್ಷೀ!’ ಎಂದು ಓಣಿಯಾಚೆಗೆ ಕೂಗಿದಳು.

‘ತಡೀರಿ ಕಾಕೂ, ನೆಟ್ ಸ್ಲೋ ಐತಿ’ ಎಂದು ಆ ಕಡೆಯಿಂದ ಹಣ್ಣಾದ ದನಿಯೊಂದು ಬಂತು.

ನಾನು ಮುದಿ ಕಾಲಿನಲ್ಲಿ ಓಡಿದೆ. ಮೇಲಿನಿಂದ ಒಂದೊಂದೇ ಎಳೆಯಾಗಿ ಇಳಿಸಿದೆ: ಬಾಚಿದ ಕಪ್ಪು ಕೂದಲು, ಹಣೆ, ಮೂಗಿನ ನತ್ತು, ಆ ನಗು, ಹಳದಿ ಹೆಸರು. ಕಟ್ಟೆಯ ಮೇಲೆ ಕೂತ ಬಿಳಿಗೂದಲ ಮುದುಕಿ ಬಗ್ಗಿ ನೋಡಿದಳು.

‘ಅದೀನಿ’ ಎಂದಳು. ಫೋನು ಆರಿಸಿ, ಸೂಜಿ ಎತ್ತಿಕೊಂಡಳು.